ವೈದ್ಯರ ಅನುಕಂಪೆಗೂ ಒಂದು ತಕ್ಕಡಿ

ದಶಲಕ್ಷಣ ಪರ್ವದ ನಾಲ್ಕನೆಯ ದಿನ. ಬೆಳಗಿನ ಜಾವ ಎಲ್ಲರಿಗಿಂತ ಮೊದಲೆದ್ದು, ಮಡಿಯುಟ್ಟು, ಬಸದಿಗೆ ಹೊರಡಲು ಅಕ್ಕಿ-ಲವಂಗದ ಡಬ್ಬಿ ಹಿಡಿದು ಕೂಡುವ ನಮ್ಮ ಸೋದರತ್ತೆ ಅಂದು ಏಳಲೇ ಇಲ್ಲ. ಕೂಗಿದಾಗ ಕಣ್ಣು ತೆರೆದರು, ಆದರೆ ಯಾರನ್ನೂ ಗುರುತಿಸಲಿಲ್ಲ. ಮೈಯೆಲ್ಲ ಬೆವರಿ ಸೀರೆ ನೀರಿನಲ್ಲಿ ಅದ್ದಿ ತೆಗೆದಂತಾಗಿತ್ತು. ಓಣಿಯ ಔಷಧದ ಅಂಗಡಿಯ ಹುಡುಗ ಓಡಿ ಬಂದು ಬೆರಳು ಚುಚ್ಚಿ ನೋಡಿದ. ರಕ್ತದ ಸಕ್ಕರೆ 48ಕ್ಕೆ ಇಳಿದಿತ್ತು. ಗುಟುಕು ಗುಟುಕಾಗಿ ಸಕ್ಕರೆ ನೀರು ಕುಡಿಸಿ, ಊರಿನ ಡಾಕ್ಟರರ ಬಳಿ ಒಯ್ದು, ಸಲಾಯಿನ್ ಹಚ್ಚಿಸಿದ ಮೇಲೆ ಅತ್ತೆ ನಮ್ಮನ್ನು ಹೆಸರು ಹಿಡಿದು ಕರೆದರು.

ಆದದ್ದಿಷ್ಟೆ. ಪರ್ವಕ್ಕೆ ಹದಿನೈದು ದಿನ ಮೊದಲು ಅತ್ತೆಯನ್ನು ದೊಡ್ಡ ಊರಿನ ಒಂದು ಆಸ್ಪತ್ರೆಗೆ ತೋರಿಸಿಕೊಂಡು ಬಂದಿದ್ದೆವು. ಅಲ್ಲಿನ ವೈದ್ಯರು ಕಲಿತವರು, ಹೆಸರಾದವರು. ರಿಪೋರ್ಟು ನೋಡಿದರು, ಸಕ್ಕರೆ ಜಾಸ್ತಿ ಎಂದರು, ಮಾತ್ರೆಯ ಪ್ರಮಾಣ ಏರಿಸಿ ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟಕ್ಕೆ ಮುಂಚೆ ಎಂದು ಬರೆದುಕೊಟ್ಟರು. ನಮ್ಮ ಅತ್ತೆಯ ಸಂಜೆಯ ಊಟ ಮುಗಿಯುವುದು ಹೊತ್ತು ಮುಳುಗುವ ಮೊದಲು. ಪರ್ವದಲ್ಲಂತೂ ಅವರದು ಏಕಾಶನ, ದಿನಕ್ಕೆ ಒಂದೇ ಊಟ. ಆದರೂ ಡಾಕ್ಟರರು ಹೇಳಿದ್ದಾರೆಂದು ರಾತ್ರಿಯ ಮಾತ್ರೆಯನ್ನು ತಪ್ಪಿಸದೆ, ಬರಿಯ ಹೊಟ್ಟೆಯಲ್ಲಿ, ಗುಟುಕು ನೀರಿನೊಡನೆ ನುಂಗಿದ್ದರು.

ಮತ್ತೆ ಅದೇ ಆಸ್ಪತ್ರೆಗೆ ಹೋದಾಗ ವೈದ್ಯರು, “ಮಾತ್ರೆ ತಗೊಂಡು ಊಟ ಯಾಕೆ ಬಿಟ್ಟಿರಿ?” ಎಂದು ಗದರಿದರು. ಅತ್ತೆ ತಲೆ ತಗ್ಗಿಸಿ ಕೂತರು. ಹೊರಗೆ ಬಂದ ಮೇಲೆ ಅವರು ಆಡಿದ್ದು ಒಂದೇ ಮಾತು: “ಅವರು ಕೇಳಲಿಲ್ಲ, ನಾ ಹೇಳಲಿಲ್ಲ.”

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಆ ವೈದ್ಯರಿಗೆ ವಿದ್ಯೆ ಕಡಿಮೆಯಿತ್ತೆ? ಇಲ್ಲ. ಔಷಧ ತಪ್ಪಿತ್ತೆ? ಅದೂ ಇಲ್ಲ. ಎದುರಿಗೆ ಕೂತ ಹೆಂಗಸು ಎಂಥ ಮನೆಯವಳು, ಯಾವಾಗ ಉಣ್ಣುತ್ತಾಳೆ, ಯಾವುದಕ್ಕೆ ಅಂಜುತ್ತಾಳೆ ಎಂದು ಕೇಳುವ ಮನಸ್ಸೊಂದು ಅಲ್ಲಿ ಇರಲಿಲ್ಲ. ಆ ಮನಸ್ಸನ್ನು ಅಳೆಯಲು ಬರುತ್ತದೆಯೆ? ಅದು ಯಾವುದರಿಂದ ಬೆಳೆಯುತ್ತದೆ, ಯಾವುದರಿಂದ ಬತ್ತುತ್ತದೆ? ಈ ಪ್ರಶ್ನೆಗಳನ್ನು ಹಿಡಿದುಕೊಂಡು ಜಗತ್ತಿನ ಹಲವು ವಿದ್ವಾಂಸರು ಕೆಲಸ ಮಾಡಿದ್ದಾರೆ. ಅವರು ಕಂಡುಕೊಂಡ ವಿಷಯಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕನಿಕರ ಬೇರೆ, ಅನುಕಂಪೆ ಬೇರೆ

ಇಂಗ್ಲಿಷಿನವರು ‘ಎಂಪಥಿ’ ಎಂದು ಕರೆಯುವ ಶಬ್ದ ಬಹಳ ಹಳೆಯದೇನಲ್ಲ. ಜರ್ಮನ್ ಭಾಷೆಯ ಒಂದು ಪದಕ್ಕೆ ಸರಿಯಾಗಿ ಟಿಚನರ್ ಎಂಬ ಮನಶ್ಶಾಸ್ತ್ರಜ್ಞರು 1909ರಲ್ಲಿ ಅದನ್ನು ಬಳಕೆಗೆ ತಂದರು. ನಮ್ಮಲ್ಲಿ ಇದಕ್ಕೆ ಒಪ್ಪುವ ಶಬ್ದ ಶತಮಾನಗಳಿಂದ ಇದೆ. ಪ್ರಶಮ, ಸಂವೇಗ, ಅನುಕಂಪೆ, ಆಸ್ತಿಕ್ಯ ಎಂದು ಸಮ್ಯಕ್ತ್ವದ ಲಕ್ಷಣಗಳನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರೇ ನಾವೆಲ್ಲ. ಅನುಕಂಪೆ ಎಂದರೆ ಇನ್ನೊಬ್ಬರು ನಡುಗುವಾಗ ಅವರೊಡನೆ ನಾವೂ ನಡುಗುವುದು.

ಆದರೆ ವೈದ್ಯನೂ ರೋಗಿಯಂತೆಯೇ ನಡುಗತೊಡಗಿದರೆ ಶಸ್ತ್ರ ಹಿಡಿಯುವವರು ಯಾರು? ಈ ಸಂಶಯವನ್ನು ವಿದ್ವಾಂಸರೂ ಎತ್ತಿದ್ದಾರೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ಮೊಹಮ್ಮದ್‌ರೆಜಾ ಹೋಜಾತ್ ಅವರು ಇದನ್ನು ಬಿಡಿಸಿ ಹೇಳುತ್ತಾರೆ. ವೈದ್ಯನ ಅನುಕಂಪೆ ಮುಖ್ಯವಾಗಿ ತಿಳಿವಳಿಕೆಗೆ ಸೇರಿದ್ದು. ರೋಗಿಯ ಅನುಭವ, ಚಿಂತೆ, ದೃಷ್ಟಿಯನ್ನು ಅರಿಯುವುದು; ಅರಿತಿದ್ದೇನೆಂದು ರೋಗಿಗೆ ತಿಳಿಯುವಂತೆ ನಡೆದುಕೊಳ್ಳುವುದು; ಸಹಾಯ ಮಾಡುವ ಇಚ್ಛೆ ಇಟ್ಟುಕೊಳ್ಳುವುದು. ಈ ಮೂರೂ ಸೇರಬೇಕು. ರೋಗಿಯ ದುಃಖದಲ್ಲಿ ತಾನೇ ಮುಳುಗಿ ಹೋಗುವುದು ಮರುಕ. ಅದು ಮಿತಿ ಮೀರಿದರೆ ವೈದ್ಯನ ಕೈಯೂ ಬುದ್ಧಿಯೂ ಓಡುವುದಿಲ್ಲ.

ತೈವಾನಿನಲ್ಲಿ 2007ರಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ನೆನಪಿಡತಕ್ಕದ್ದು. ಮೈಗೆ ಸೂಜಿ ಚುಚ್ಚುವ ದೃಶ್ಯಗಳನ್ನು ಸಾಮಾನ್ಯ ಜನರಿಗೂ, ಸೂಜಿ ಚಿಕಿತ್ಸೆಯಲ್ಲಿ ಪಳಗಿದ ವೈದ್ಯರಿಗೂ ತೋರಿಸಿ ಮಿದುಳಿನ ಚಿತ್ರ ತೆಗೆದರು. ಸಾಮಾನ್ಯ ಜನರ ಮಿದುಳಿನಲ್ಲಿ ನೋವಿಗೆ ಸಂಬಂಧಪಟ್ಟ ಭಾಗಗಳು ಮಿಡಿದವು. ವೈದ್ಯರ ಮಿದುಳಿನಲ್ಲಿ ಆ ಮಿಡಿತ ಅಡಗಿತ್ತು; ಬದಲಿಗೆ ಮನಸ್ಸನ್ನು ಹಿಡಿತದಲ್ಲಿಡುವ ಭಾಗಗಳು ಕೆಲಸ ಮಾಡಿದವು. ಅಂದರೆ ವೃತ್ತಿಯ ಅಭ್ಯಾಸ ವೈದ್ಯನಿಗೆ ಒಂದು ಕವಚ ತೊಡಿಸುತ್ತದೆ. ಕವಚ ಬೇಕು. ಆದರೆ ಅದು ಕಿವಿಯನ್ನೂ ಮುಚ್ಚಬಾರದು. ನಮ್ಮ ತತ್ತ್ವಾರ್ಥಸೂತ್ರದಲ್ಲಿ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಹೇಳಿದೆ. ನೊಂದವರ ಬಗ್ಗೆ ಕಾರುಣ್ಯ, ಚಿತ್ತದಲ್ಲಿ ಸಮತೋಲ, ಇವೆರಡನ್ನೂ ಒಟ್ಟಿಗೆ ಹಿಡಿಯುವುದು ಎಷ್ಟು ಕಷ್ಟವೆಂದು ದಿನಕ್ಕೆ ನೂರು ರೋಗಿಗಳನ್ನು ನೋಡುವ ವೈದ್ಯನಿಗೇ ಗೊತ್ತು.

ತೂಗುವ ಬಗೆ ಹೇಗೆ?

ತಕ್ಕಡಿಯ ಮುಂದೆ ಹುಟ್ಟಿ ಬೆಳೆದ ನಮ್ಮಂಥ ವ್ಯಾಪಾರಸ್ಥರಿಗೆ, ಮನಸ್ಸನ್ನು ತೂಗುವುದೆಂದರೆ ನಗೆ ಬರಬಹುದು. ಆದರೆ ವಿದ್ವಾಂಸರು ಮೂರು ತರದ ತಕ್ಕಡಿಗಳನ್ನು ಮಾಡಿದ್ದಾರೆ.

ಮೊದಲನೆಯದು ವೈದ್ಯ ತನ್ನನ್ನು ತಾನೇ ತೂಗಿಕೊಳ್ಳುವುದು. ಹೋಜಾತ್ ಮತ್ತು ಅವರ ಸಂಗಡಿಗರು 2001ರಲ್ಲಿ ಪ್ರಕಟಿಸಿದ ಜೆಫರ್ಸನ್ ಅನುಕಂಪೆ ಮಾಪಕ ಈ ಜಾತಿಯದು. ಅದರಲ್ಲಿ 20 ಹೇಳಿಕೆಗಳಿವೆ. ರೋಗಿಯ ಕಣ್ಣಿನಿಂದ ನೋಡುವುದು ಚಿಕಿತ್ಸೆಗೆ ಅಗತ್ಯವೆ, ರೋಗಿಯ ಮನೆಯ ಸುಖದುಃಖ ಕೇಳುವುದರಿಂದ ಪ್ರಯೋಜನವುಂಟೆ ಎಂಬಂಥ ವಿಷಯಗಳ ಮೇಲಿನ ಈ ಹೇಳಿಕೆಗಳನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೇನೆಂದು ವೈದ್ಯ 1ರಿಂದ 7ರೊಳಗೆ ಅಂಕ ಹಾಕಬೇಕು. ಅರ್ಧದಷ್ಟು ಹೇಳಿಕೆಗಳು ತಿರುವುಮುರುವಾಗಿರುವುದರಿಂದ ಕಣ್ಣುಮುಚ್ಚಿ ಎಲ್ಲಕ್ಕೂ ಒಂದೇ ಅಂಕ ಹಾಕಿದರೆ ನಡೆಯುವುದಿಲ್ಲ. ಒಟ್ಟು ಅಂಕ ಕಡಿಮೆಯೆಂದರೆ 20, ಹೆಚ್ಚೆಂದರೆ 140. ವಿದ್ಯಾರ್ಥಿಗಳಿಗೆ ಒಂದು ಪ್ರತಿ, ವೃತ್ತಿಯಲ್ಲಿರುವವರಿಗೆ ಇನ್ನೊಂದು ಪ್ರತಿ ಇದೆ. ಇದು ಅನೇಕ ಭಾಷೆಗಳಿಗೆ ಹೋಗಿದೆ. ಭಾರತದ ವೈದ್ಯಕೀಯ ವಿದ್ಯಾರ್ಥಿಗಳ ಮೇಲೂ ಬಳಸಿ ನೋಡಿದ್ದಾರೆ.

ಎರಡನೆಯದು ರೋಗಿಯ ಕೈಯಲ್ಲಿರುವ ತಕ್ಕಡಿ. ಸ್ಕಾಟ್‌ಲೆಂಡಿನ ವೈದ್ಯ ಸ್ಟೀವರ್ಟ್ ಮರ್ಸರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ‘ಕೇರ್’ ಎಂಬ ಮಾಪಕದಲ್ಲಿ ಬರೀ 10 ಪ್ರಶ್ನೆಗಳು. ವೈದ್ಯರು ನಿಮ್ಮನ್ನು ಹಗುರಾಗಿ ಮಾತಾಡುವಂತೆ ಮಾಡಿದರೆ, ನಿಮ್ಮ ಕತೆಯನ್ನು ಪೂರ್ತಿ ಹೇಳಲು ಬಿಟ್ಟರೆ, ಕಿವಿಗೊಟ್ಟು ಕೇಳಿದರೆ, ತಿಳಿಯುವಂತೆ ವಿವರಿಸಿದರೆ ಎಂದು ಕೇಳಿ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಪೂರ್ಣ ಅಂಕ 50.

ಮೂರನೆಯದು ಮೂರನೆಯವರು ನೋಡುವುದು. ವೈದ್ಯ ಮತ್ತು ರೋಗಿಯ ಮಾತುಕತೆಯನ್ನು ಮುದ್ರಿಸಿಕೊಂಡು ಎಣಿಸುವುದು. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬಿಬ್ಬರು ಅಮೆರಿಕದಲ್ಲಿ 74 ಭೇಟಿಗಳನ್ನು ಹೀಗೆ ಕೇಳಿದರು. ರೋಗಿ ತನ್ನ ತೊಂದರೆ ಹೇಳತೊಡಗಿದ ಮೇಲೆ ಸರಾಸರಿ 18 ಸೆಕೆಂಡಿನಲ್ಲಿ ವೈದ್ಯರು ಮಾತು ತುಂಡು ಮಾಡುತ್ತಿದ್ದರು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮಾತು ತುಂಡಾದ ಭೇಟಿಗಳಲ್ಲಿ ಆ ಹೊತ್ತು 11 ಸೆಕೆಂಡಿನ ಆಸುಪಾಸಿಗೆ ಇಳಿದಿತ್ತು. ಹನ್ನೊಂದು ಸೆಕೆಂಡೆಂದರೆ ನಮ್ಮ ಅಂಗಡಿಯಲ್ಲಿ ಗಿರಾಕಿ ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂಡುವಷ್ಟೂ ಅಲ್ಲ.

ಈ ಮೂರು ತಕ್ಕಡಿಗಳ ತೂಕ ಯಾವಾಗಲೂ ಒಂದೇ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ತಾನು ಬಹಳ ಅನುಕಂಪೆಯುಳ್ಳವನೆಂದು ಅಂಕ ಹಾಕಿಕೊಂಡ ವೈದ್ಯನಿಗೆ ರೋಗಿಗಳು ಅಷ್ಟೇ ಅಂಕ ಕೊಡುತ್ತಾರೆಂದಿಲ್ಲ. ನಮ್ಮ ಕಿರ್ದಿ ನಾವೇ ಬರೆದುಕೊಂಡರೆ ನಮ್ಮ ಅಂಗಡಿ ಯಾವಾಗಲೂ ಲಾಭದಲ್ಲಿ ಇರುತ್ತದೆ. ಗಿರಾಕಿಯನ್ನು ಕೇಳಿದರೆ ನಿಜ ಗೊತ್ತಾಗುತ್ತದೆ. ಆದ್ದರಿಂದ ಒಂದೇ ಮಾಪಕದ ಅಂಕ ಹಿಡಿದು ಇವರು ಒಳ್ಳೆಯ ವೈದ್ಯರು, ಅವರು ಕೆಟ್ಟವರು ಎಂದು ತೀರ್ಪು ಕೊಡಬಾರದು.

ತೂಗಿದ್ದರಿಂದ ಕಂಡದ್ದೇನು?

ಒಳ್ಳೆಯ ಮಾತಿನಿಂದ ಮನಸ್ಸಿಗೆ ಸಮಾಧಾನ ಆಗಬಹುದು, ರೋಗ ಇಳಿಯುತ್ತದೆಯೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಅತ್ತೆಯ ರೋಗದಲ್ಲೇ.

2011ರಲ್ಲಿ ಹೋಜಾತ್ ಮತ್ತು ಸಂಗಡಿಗರು 29 ವೈದ್ಯರ ಅನುಕಂಪೆಯನ್ನು ಅಳೆದು, ಅವರ ಕೈಕೆಳಗಿದ್ದ 891 ಸಕ್ಕರೆ ಕಾಯಿಲೆಯವರ ರಕ್ತ ಪರೀಕ್ಷೆಗಳನ್ನು ನೋಡಿದರು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆಯಲ್ಲಿ, ಹೆಚ್ಚು ಅಂಕದ ವೈದ್ಯರ ರೋಗಿಗಳಲ್ಲಿ ಶೇಕಡಾ 56 ಮಂದಿಯ ಸಕ್ಕರೆ ಹತೋಟಿಯಲ್ಲಿತ್ತು. ಕಡಿಮೆ ಅಂಕದ ವೈದ್ಯರ ರೋಗಿಗಳಲ್ಲಿ ಶೇಕಡಾ 40 ಮಾತ್ರ. ಕೆಟ್ಟ ಕೊಬ್ಬಿನ ಲೆಕ್ಕದಲ್ಲೂ ಇಂಥದೇ ಅಂತರ ಕಂಡಿತು.

ಮರುವರ್ಷ 2012ರಲ್ಲಿ ಇಟಲಿ ದೇಶದ ಪಾರ್ಮಾ ಪ್ರಾಂತದಿಂದ ಇನ್ನೂ ದೊಡ್ಡ ಲೆಕ್ಕ ಬಂತು. 242 ವೈದ್ಯರು, 20,961 ರೋಗಿಗಳು. ಸಕ್ಕರೆ ಅತಿಯಾಗಿ ಏರಿ ಪ್ರಜ್ಞೆ ತಪ್ಪುವಂಥ ಗಂಡಾಂತರಕ್ಕೆ ಗುರಿಯಾಗಿ ಆಸ್ಪತ್ರೆ ಸೇರಿದವರು, ಹೆಚ್ಚು ಅನುಕಂಪೆಯ ವೈದ್ಯರ ರೋಗಿಗಳಲ್ಲಿ ಸಾವಿರಕ್ಕೆ 4. ಮಧ್ಯಮ ಅಂಕದವರಲ್ಲಿ 7.1, ಕಡಿಮೆ ಅಂಕದವರಲ್ಲಿ 6.5.

ಸಣ್ಣ ನೆಗಡಿಯ ವಿಷಯದಲ್ಲೂ ಲೆಕ್ಕ ಹಾಕಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈದ್ಯರಿಗೆ ‘ಕೇರ್’ ಮಾಪಕದಲ್ಲಿ 50ಕ್ಕೆ 50 ಕೊಟ್ಟ ರೋಗಿಗಳ ನೆಗಡಿ ಸುಮಾರು 7 ದಿನಕ್ಕೆ ಹೋಯಿತು. ಉಳಿದವರಿಗೆ 8 ದಿನ ಹಿಡಿಯಿತು. ನೆಗಡಿಗೆ ಔಷಧ ಕೊಟ್ಟರೆ ಒಂದು ವಾರ, ಕೊಡದಿದ್ದರೆ ಏಳು ದಿನ ಎಂದು ನಮ್ಮಲ್ಲಿ ನಗೆಮಾತುಂಟು. ಆ ಲೆಕ್ಕದಲ್ಲಿ ಒಂದು ದಿನದ ಉಳಿತಾಯ ಸಣ್ಣದೇನಲ್ಲ.

ಕೋರ್ಟಿನ ಲೆಕ್ಕವೂ ಇದೆ. 1997ರಲ್ಲಿ ವೆಂಡಿ ಲೆವಿನ್ಸನ್ ಮತ್ತು ಸಂಗಡಿಗರು, ರೋಗಿಗಳಿಂದ ದಾವೆ ಹಾಕಿಸಿಕೊಂಡ ವೈದ್ಯರನ್ನೂ ಹಾಕಿಸಿಕೊಳ್ಳದ ವೈದ್ಯರನ್ನೂ ಹೋಲಿಸಿದರು. ಸಾಮಾನ್ಯ ಚಿಕಿತ್ಸೆಯ ವೈದ್ಯರಲ್ಲಿ ದಾವೆ ಇಲ್ಲದವರು ಒಬ್ಬೊಬ್ಬ ರೋಗಿಗೆ ಸರಾಸರಿ 18.3 ನಿಮಿಷ ಕೊಡುತ್ತಿದ್ದರು, ದಾವೆಗೆ ಸಿಕ್ಕವರು 15 ನಿಮಿಷ. ದಾವೆ ಇಲ್ಲದವರು ಮುಂದೆ ಏನು ಮಾಡುತ್ತೇನೆಂದು ತಿಳಿಸುತ್ತಿದ್ದರು, ರೋಗಿಯ ಅಭಿಪ್ರಾಯ ಕೇಳುತ್ತಿದ್ದರು, ನಗುತ್ತಿದ್ದರು. ಮೂರು ನಿಮಿಷದಷ್ಟೇ ವ್ಯತ್ಯಾಸ.

ಇಲ್ಲೊಂದು ಎಚ್ಚರಿಕೆ ಬೇಕು. ಇವೆಲ್ಲ ಎರಡು ಸಂಗತಿಗಳು ಜೊತೆಗಿವೆ ಎಂದು ತೋರಿಸುತ್ತವೆ. ಒಂದರಿಂದಲೇ ಇನ್ನೊಂದು ಆಯಿತೆಂದು ಸಿದ್ಧಪಡಿಸುವುದಿಲ್ಲ. ಆದರೂ ಕಾರಣ ಊಹಿಸುವುದು ಕಷ್ಟವಲ್ಲ. ನಂಬಿಕೆ ಬಂದ ಕಡೆ ರೋಗಿ ನಿಜ ಹೇಳುತ್ತಾನೆ. ಮಾತ್ರೆ ಬಿಟ್ಟದ್ದನ್ನು, ಉಪವಾಸ ಮಾಡಿದ್ದನ್ನು, ಕದ್ದು ಪೇಢೆ ತಿಂದದ್ದನ್ನು ಹೇಳುತ್ತಾನೆ. ನಿಜ ಗೊತ್ತಾದ ಮೇಲೆ ಚಿಕಿತ್ಸೆ ಸರಿಯಾಗುತ್ತದೆ.

ಬತ್ತುವುದು ಯಾವುದರಿಂದ?

ನಮಗೆ ಎಲ್ಲಕ್ಕಿಂತ ಹೆಚ್ಚು ಅಚ್ಚರಿ ತಂದ ವಿಷಯ ಇದು. ಜೆಫರ್ಸನ್ ಕಾಲೇಜಿಗೆ 2002 ಮತ್ತು 2004ರಲ್ಲಿ ಸೇರಿದ 456 ವಿದ್ಯಾರ್ಥಿಗಳನ್ನು ವರ್ಷ ವರ್ಷವೂ ಅಳೆದು 2009ರಲ್ಲಿ ವರದಿ ಬರೆದರು. ಮೊದಲ ಎರಡು ವರ್ಷ, ಪುಸ್ತಕದೊಡನೆ ಇದ್ದಾಗ, ಅನುಕಂಪೆ ಹೆಚ್ಚು ಕದಲಲಿಲ್ಲ. ಮೂರನೆಯ ವರ್ಷ, ವಾರ್ಡಿಗೆ ಕಾಲಿಟ್ಟು ರೋಗಿಗಳ ಮುಖ ನೋಡಲು ಆರಂಭಿಸಿದಾಗ, ಅದು ಇಳಿಯಿತು. ಪದವಿ ಪಡೆಯುವವರೆಗೂ ಮತ್ತೆ ಏರಲಿಲ್ಲ. ರೋಗಿಯನ್ನು ಕಂಡಾಗಲೇ ರೋಗಿಯ ಮೇಲಿನ ಕರುಣೆ ಇಳಿಯುವುದೆಂದರೆ ಎಂಥ ವಿಪರ್ಯಾಸ! ಎಲ್ಲ ದೇಶಗಳಲ್ಲೂ ಇಷ್ಟೇ ಇಳಿತ ಕಂಡಿಲ್ಲ; ಕೆಲವು ಅಧ್ಯಯನಗಳಲ್ಲಿ ಬಹಳ ಕಡಿಮೆ ಕಂಡಿದೆ. ಆದರೂ ಕಾರಣಗಳನ್ನು ಹುಡುಕಲೇಬೇಕು.

ಒಂದು, ನಿದ್ದೆಗೇಡು ಮತ್ತು ದಣಿವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಸೇರಿದ ಕಿರಿಯ ವೈದ್ಯರನ್ನು ನೋಡಿ 2002ರಲ್ಲಿ ವರದಿ ಮಾಡಿದರು. ಉತ್ಸಾಹದಿಂದ ಬಂದವರು ಐದೇ ತಿಂಗಳಲ್ಲಿ ಕುಗ್ಗಿದ್ದರು. ಸಿಟ್ಟು, ಆಯಾಸ ಏರಿ, ಪರರ ಬಗೆಗಿನ ಕಾಳಜಿ ಇಳಿದಿತ್ತು.

ಎರಡು, ತಪ್ಪಿನ ಭಾರ. ಅಮೆರಿಕದ ಮೇಯೋ ಕ್ಲಿನಿಕ್‌ನ ಕಿರಿಯ ವೈದ್ಯರ ಮೇಲೆ ನಡೆದ 2006ರ ಅಧ್ಯಯನದಲ್ಲಿ, ತಮ್ಮಿಂದ ದೊಡ್ಡ ತಪ್ಪಾಯಿತೆಂದು ಹೇಳಿಕೊಂಡವರಲ್ಲಿ ಬಳಲಿಕೆ ಹೆಚ್ಚಾಗಿ, ಅನುಕಂಪೆ ಕಡಿಮೆಯಾದದ್ದು ಕಂಡಿತು. ಬಳಲಿ ಅನುಕಂಪೆ ಕಳೆದುಕೊಂಡವರಲ್ಲಿ ಮುಂದೆ ತಪ್ಪುಗಳೂ ಹೆಚ್ಚಾಗಿ ಕಂಡವು. ಇದೊಂದು ಗಾಣದ ಸುತ್ತು.

ಮೂರು, ಹಿರಿಯರ ನಡೆ. ಪುಸ್ತಕದಲ್ಲಿ ರೋಗಿಯನ್ನು ಗೌರವಿಸಬೇಕೆಂದು ಓದಿದ ಹುಡುಗ, ವಾರ್ಡಿನಲ್ಲಿ ದೊಡ್ಡ ಡಾಕ್ಟರರು ರೋಗಿಯನ್ನು “ಏಳನೇ ನಂಬರಿನ ಹಾಸಿಗೆ” ಎಂದು ಕರೆಯುವುದನ್ನು ಕೇಳುತ್ತಾನೆ. ಅಂಗಡಿಯ ಪೋರ ಮಾಲೀಕರ ಮಾತಿನಿಂದ ಕಲಿಯುವುದಿಲ್ಲ, ಅವರು ತೂಗುವ ರೀತಿಯಿಂದ ಕಲಿಯುತ್ತಾನೆ.

ನಾಲ್ಕು, ವೇಳೆ. 67 ದೇಶಗಳ ಲೆಕ್ಕ ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಸಾಮಾನ್ಯ ಚಿಕಿತ್ಸೆಯ ಒಂದು ಭೇಟಿಗೆ ಸ್ವೀಡನ್ ದೇಶದಲ್ಲಿ 22 ನಿಮಿಷಕ್ಕೂ ಮೇಲೆ ಸಿಗುತ್ತದೆ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮ ಭಾರತದ ಅಂಕಿ ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ನಾಡಿ ನೋಡಬೇಕು, ರಿಪೋರ್ಟು ನೋಡಬೇಕು, ಚೀಟಿ ಬರೆಯಬೇಕು. ಊಟದ ಹೊತ್ತು ಕೇಳಲು ಎಲ್ಲಿ ಉಳಿಯಿತು?

ಐದು, ಕೆಲಸದ ಜಾತಿ ಮತ್ತು ಸ್ವಭಾವ. 2002ರಲ್ಲಿ 704 ವೈದ್ಯರನ್ನು ಜೆಫರ್ಸನ್ ಮಾಪಕದಿಂದ ಅಳೆದಾಗ ಮನೋರೋಗದ ವೈದ್ಯರ ಅಂಕ ಎಲ್ಲರಿಗಿಂತ ಹೆಚ್ಚಿತ್ತು. ಅರಿವಳಿಕೆ, ಎಲುಬಿನ ಶಸ್ತ್ರಚಿಕಿತ್ಸೆ, ಎಕ್ಸ್-ರೇ ವಿಭಾಗದವರ ಅಂಕ ಕಡಿಮೆ. ಹೆಚ್ಚಿನ ಅಧ್ಯಯನಗಳಲ್ಲಿ ಹೆಣ್ಣುಮಕ್ಕಳ ಅಂಕ ಗಂಡುಮಕ್ಕಳಿಗಿಂತ ತುಸು ಮೇಲಿದೆ. ಇದರ ಅರ್ಥ ಎಲುಬಿನ ಡಾಕ್ಟರರಿಗೆ ಕರುಣೆ ಇಲ್ಲವೆಂದಲ್ಲ. ನಿದ್ದೆಯಲ್ಲಿರುವ ರೋಗಿಯೊಡನೆ ಕೆಲಸ ಮಾಡುವವರಿಗೂ, ಮಾತನ್ನೇ ಔಷಧ ಮಾಡಿಕೊಂಡವರಿಗೂ ಅಭ್ಯಾಸ ಬೇರೆ ಬೇರೆ.

ಬೆಳೆಯುವುದು ಯಾವುದರಿಂದ?

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಇಲ್ಲಿ ಪೂರ್ತಿ ನಿಜವಲ್ಲ ಎಂಬುದು ಸಮಾಧಾನದ ಸುದ್ದಿ. ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಹೆಲೆನ್ ರೀಸ್ ಎಂಬ ವೈದ್ಯೆ, ಕಿರಿಯ ವೈದ್ಯರಿಗೆ ಒಂದೊಂದು ಗಂಟೆಯ ಮೂರು ಪಾಠಗಳನ್ನು ಮಾಡಿಸಿದರು. ಮುಖ ನೋಡುವುದು, ದನಿ ಕೇಳುವುದು, ತನ್ನ ಸಿಟ್ಟನ್ನು ತಾನು ಗುರುತಿಸುವುದು, ಇಷ್ಟೆ. ಪಾಠ ಕೇಳಿದವರಿಗೂ ಕೇಳದವರಿಗೂ ರೋಗಿಗಳೇ ‘ಕೇರ್’ ಮಾಪಕದಿಂದ ಅಂಕ ಕೊಟ್ಟರು. 2012ರಲ್ಲಿ ಪ್ರಕಟವಾದ ಈ ಪರೀಕ್ಷೆಯಲ್ಲಿ ಪಾಠ ಕೇಳಿದವರ ಅಂಕ ಸ್ಪಷ್ಟವಾಗಿ ಮೇಲಿತ್ತು. ಮೂರೇ ಗಂಟೆ!

ನಮ್ಮ ದೇಶದಲ್ಲಿಯೂ ಕಣ್ಣು ತೆರೆದಿದೆ. ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ‘ಏಟ್‌ಕಾಮ್’ ಎಂಬ ಪಾಠಕ್ರಮವನ್ನು ಹೊರಡಿಸಿತು. ನಡವಳಿಕೆ, ನೀತಿ, ರೋಗಿಯೊಡನೆ ಮಾತುಕತೆ, ಇವು ಅದರ ವಿಷಯ. 2019ರಲ್ಲಿ ಸೇರಿದ ತಂಡದಿಂದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಇದು ಓದಿನ ಭಾಗವಾಗಿದೆ. ಸಮಾಜದ ಅನೇಕ ಮಕ್ಕಳು ವೈದ್ಯಕೀಯ ಓದುತ್ತಿದ್ದಾರೆ. ಈ ಪಾಠವನ್ನು ಪಾಸಾಗುವ ಸಲುವಾಗಿ ಮಾತ್ರ ಓದಬೇಡಿರೆಂದು ಅವರಿಗೆ ನಮ್ಮ ಕಳಕಳಿಯ ಮಾತು.

ಗಡಿನಾಡಿನ ನಮ್ಮ ಕಷ್ಟ

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಊರಿನ ಮಾತು. ನಮ್ಮಂಥ ಗಡಿನಾಡಿನವರಿಗೆ ಮೇಲೊಂದು ಕಷ್ಟವಿದೆ. ಅದು ಭಾಷೆಯದು. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಆಸ್ಪತ್ರೆಯ ಮಾತು ಮರಾಠಿ, ವಯನಾಡು, ಕಾಸರಗೋಡಿನಲ್ಲಿ ಮಲಯಾಳ, ಹೊಸೂರಿನಲ್ಲಿ ತಮಿಳು, ಆದವಾನಿ, ಮಡಕಶಿರಾದಲ್ಲಿ ತೆಲುಗು. ವ್ಯಾಪಾರದ ಗಂಡಸರಿಗೆ ಎರಡು-ಮೂರು ಭಾಷೆ ಸರಾಗ. ಮನೆಯ ಹಿರಿಯ ಹೆಂಗಸರು ಪೇಟೆಯ ಮಾತನ್ನು ಅರ್ಥ ಮಾಡಿಕೊಂಡಾರು. ಆದರೆ ನೋವನ್ನು ಹೇಳಿಕೊಳ್ಳುವುದು ತಾಯಿನುಡಿಯಲ್ಲೇ. ಎದೆ ಹಿಂಡುವುದು ಬೇರೆ, ಎದೆ ಉರಿಯುವುದು ಬೇರೆ, ಎದೆ ಹಾರುವುದು ಬೇರೆ. ಜೊತೆಗೆ ಹೋದ ಮೊಮ್ಮಗ ಈ ಮೂರನ್ನೂ ಸೇರಿಸಿ ‘ಎದೆ ನೋವು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾನೆ. ಹೆಂಗಸರ ಕಾಯಿಲೆಯಾದರಂತೂ ಅಜ್ಜಿ ಮೊಮ್ಮಗನೆದುರು ಬಾಯಿ ಬಿಡುವುದೇ ಇಲ್ಲ. ಹೀಗೆ ವೈದ್ಯರ ಅನುಕಂಪೆ ಎಷ್ಟಿದ್ದರೂ ರೋಗಿಯನ್ನು ಮುಟ್ಟದೆ ನಡುವೆಯೇ ನಿಲ್ಲುತ್ತದೆ.

ನಮ್ಮ ಆಹಾರದ ನಿಯಮಗಳೂ ಹೀಗೆಯೇ. ರಾತ್ರಿ ಉಣ್ಣದಿರುವುದು, ಗೆಡ್ಡೆ ಬಿಡುವುದು, ಅಷ್ಟಮಿ-ಚತುರ್ದಶಿಯ ಉಪವಾಸ, ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯವೆಂದು ನುಂಗದೆ ಇಡುವುದು, ಇವು ಹೊರಗಿನ ವೈದ್ಯರಿಗೆ ತಾವಾಗಿ ತಿಳಿಯಬೇಕೆಂದು ಬಯಸುವುದು ತಪ್ಪು. ಹೇಳಿದರೆ ನಕ್ಕಾರು ಎಂದು ನಾವು ಮುಚ್ಚಿಡುತ್ತೇವೆ. ನಮ್ಮ ಅತ್ತೆ ಮುಚ್ಚಿಟ್ಟರು. ಜೊತೆಗಿದ್ದ ನಾವೂ ಸುಮ್ಮನಿದ್ದೆವು. ಗದರಿದ ವೈದ್ಯರ ಪಾಲು ಎಷ್ಟೋ ನಮ್ಮ ಪಾಲೂ ಅಷ್ಟೇ ಎಂದು ಇಂದು ಒಪ್ಪಿಕೊಳ್ಳುತ್ತೇವೆ.

ನಮ್ಮ ಮನೆಯ ಆಸ್ತಿ

ವೈದ್ಯವನ್ನೂ ಕರುಣೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟ ಪರಂಪರೆ ನಮ್ಮದು. ಆಹಾರ, ಅಭಯ, ಶಾಸ್ತ್ರದೊಡನೆ ಔಷಧವನ್ನೂ ದಾನವೆಂದು ಎಣಿಸಿದವರು ನಮ್ಮ ಹಿರಿಯರು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆ ಹೇಳುವ ‘ಕಲ್ಯಾಣಕಾರಕ’ವನ್ನು ಸಂಸ್ಕೃತದಲ್ಲಿ ಬರೆದರು. ಅದನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ, 1940ರಲ್ಲಿ ಅಚ್ಚಾದದ್ದು ನಮ್ಮ ಸೊಲ್ಲಾಪುರದಲ್ಲೇ. ಅದೇ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಚೀನಾಕ್ಕೆ ಹೋಗಿ, ಯುದ್ಧದಲ್ಲಿ ಗಾಯಗೊಂಡವರ ಸೇವೆ ಮಾಡುತ್ತ 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು ಅಲ್ಲಿ ಮಾಡಿದ ಕೆಲಸಗಳಲ್ಲಿ ಒಂದು, ಗಾಯಾಳುಗಳ ಭಾಷೆ ಕಲಿತದ್ದು.

ನಿರ್ವಿಚಿಕಿತ್ಸಾ ಅಂಗಕ್ಕೆ ದೃಷ್ಟಾಂತವಾದ ಉದ್ದಾಯನ ರಾಜನ ಕತೆ ಎಲ್ಲರಿಗೂ ಗೊತ್ತಿದೆ. ರೋಗದಿಂದ ಮೈ ಕೊಳೆತ ಮುನಿಯ ವೇಷದಲ್ಲಿ ದೇವನೊಬ್ಬ ಪರೀಕ್ಷೆಗೆ ಬಂದ. ಆಹಾರ ಸ್ವೀಕರಿಸಿ, ರಾಜ-ರಾಣಿಯರ ಮೈಮೇಲೆಯೇ ವಾಂತಿ ಮಾಡಿಕೊಂಡ. ಸೇವಕರು ಹೇಸಿ ಓಡಿದರು. ಉದ್ದಾಯನ ಹೇಸಲಿಲ್ಲ. ಅಯ್ಯೋ, ನಾನು ಕೊಟ್ಟ ಆಹಾರ ಇವರಿಗೆ ಒಗ್ಗಲಿಲ್ಲವಲ್ಲ ಎಂದು ಮರುಗಿ, ತನ್ನ ಕೈಯಿಂದಲೇ ತೊಳೆದ. ಎದುರಿನವನು ಯಾಕೆ ಹೀಗೆ ಮಾಡಿದನೆಂದು ಸಿಡಿಯುವ ಮೊದಲು, ನಾನು ಕೊಟ್ಟದ್ದು ಅವನಿಗೆ ಒಗ್ಗಿತೆ ಎಂದು ಯೋಚಿಸುವುದು. ವೈದ್ಯಕೀಯ ಕಾಲೇಜುಗಳು ಇಂದು ಅಂಕ ಹಾಕಿ ಹುಡುಕುತ್ತಿರುವುದು ಇದನ್ನೇ ಅಲ್ಲವೆ?

ನಾವು ಮಾಡಬಹುದಾದದ್ದು

ವೈದ್ಯರನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಅವರ ಎರಡು ನಿಮಿಷವನ್ನು ಸಾರ್ಥಕ ಮಾಡುವುದು ನಮ್ಮ ಕೈಯಲ್ಲಿದೆ. ಹೊರಡುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿರಿ: ಮುಖ್ಯ ತೊಂದರೆ ಯಾವುದು, ಎಂದಿನಿಂದ, ಈಗ ನುಂಗುವ ಮಾತ್ರೆಗಳು ಯಾವುವು, ಉಣ್ಣುವ ಹೊತ್ತು ಯಾವುದು, ಸಂಜೆಯ ಮೇಲೆ ಉಣ್ಣುವುದಿಲ್ಲ, ಮುಂದಿನ ಉಪವಾಸ ಯಾವಾಗ. ಸಕ್ಕರೆ, ರಕ್ತದೊತ್ತಡ, ಹೃದಯದ ಕಾಯಿಲೆಯವರು ಪರ್ವಕ್ಕೆ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು ಹೊಂದಿಸಿಕೊಳ್ಳಬೇಕು. ತಾವಾಗಿ ಮಾತ್ರೆ ಬಿಡುವುದೂ ಬೇಡ, ಬರಿಹೊಟ್ಟೆಯಲ್ಲಿ ನುಂಗುವುದೂ ಬೇಡ. ಶಕ್ತಿಯಿದ್ದಷ್ಟು ತಪ ಎಂದೇ ಶಾಸ್ತ್ರ ಹೇಳಿದೆ. ಹಿರಿಯ ಹೆಂಗಸರ ಜೊತೆಗೆ ಸೊಸೆಯೋ ಮಗಳೋ ಹೋಗಲಿ. ರೋಗಿ ಹೇಳಿದ್ದನ್ನು ಮೊಟಕು ಮಾಡದೆ ಹೇಳಲಿ.

ಬಸದಿಯ ಟ್ರಸ್ಟಿನವರಿಗೆ ಒಂದು ವಿನಂತಿ. ಔಷಧ ದಾನವೆಂದು ಮಾತ್ರೆ, ಇಂಜೆಕ್ಷನ್ ಕೊಡಿಸುವ ಉದಾರಿಗಳು ನಮ್ಮಲ್ಲಿ ಕಡಿಮೆಯಿಲ್ಲ. ವಾರಕ್ಕೆ ಒಂದೆರಡು ಗಂಟೆ ದೊಡ್ಡಾಸ್ಪತ್ರೆಯಲ್ಲಿ ಕೂತು, ಊರ ಭಾಷೆ ಬಾರದ ಕನ್ನಡ ಮುದುಕ-ಮುದುಕಿಯರ ಮಾತನ್ನು, ಅವರು ಯಾವ ಜಾತಿಯವರೇ ಇರಲಿ, ವೈದ್ಯರಿಗೆ ತಿಳಿಸಿ ಹೇಳುವ ತರುಣರನ್ನು ಕಳಿಸಿದರೆ ಅದೂ ಔಷಧ ದಾನವೇ. ಇನ್ನು ವೈದ್ಯರ ಮೇಲೆ ಕೈಯೆತ್ತುವ, ಕೂಗಾಡುವ ಚಾಳಿ ಎಲ್ಲ ಕಡೆ ಹಬ್ಬಿದೆ. ಅಂಜಿದ ಮನಸ್ಸಿನಲ್ಲಿ ಅನುಕಂಪೆ ನಿಲ್ಲುವುದಿಲ್ಲ. ನಮ್ಮ ಮನೆಯವರಾರೂ ಆ ಪಾಪಕ್ಕೆ ಹೋಗಬಾರದು.

ಅತ್ತೆಯ ವಿಷಯ ಹೇಳಿ ಮುಗಿಸುತ್ತೇವೆ. ಆಮೇಲೆ ಬೇರೆ ಊರಿನ ಒಬ್ಬ ಕಿರಿಯ ವೈದ್ಯೆಗೆ ತೋರಿಸಿದೆವು. ಮರಾಠಿ ಮನೆಯ ಹುಡುಗಿ; ಕನ್ನಡ ಅಷ್ಟಕ್ಕಷ್ಟೆ. ಆಕೆ ರಿಪೋರ್ಟಿನ ಚೀಲವನ್ನು ಬದಿಗಿಟ್ಟು, ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿ, “ಆಯಿ, ಮುಂಜಾನಿಂದ ಮಲಗೂತನಕ ಏನೇನ್ ತಿಂತೀರಿ, ಯಾವಾಗ ತಿಂತೀರಿ? ಹೇಳ್ರಿ” ಎಂದು ಕೇಳಿದರು. ಅತ್ತೆ ಮೊದಲು ನಮ್ಮ ಮುಖ ನೋಡಿದರು. ಆಮೇಲೆ ಹೇಳತೊಡಗಿದರು. ಏಕಾಶನ ಹೇಳಿದರು, ಚತುರ್ದಶಿ ಹೇಳಿದರು, ರಾತ್ರಿ ನೀರಿನೊಡನೆ ನುಂಗಿದ ಮಾತ್ರೆಯನ್ನೂ ಹೇಳಿದರು. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷವೂ ಪೂರ್ತಿ ಆಗಿರಲಿಲ್ಲ. ವೈದ್ಯೆ ಬೇರೆ ಮಾತ್ರೆ ಬರೆದು, ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಅದನ್ನು ಹೊಂದಿಸಿ, “ಮುಂದಿನ ಪರ್ವಕ್ಕ ಎಂಟ್ ದಿನಾ ಮೊದಲ ಬಂದು ಹೋಗ್ರಿ” ಎಂದರು.

ಮರುವರ್ಷದ ದಶಲಕ್ಷಣಕ್ಕೆ ಎಂಟು ದಿನ ಮೊದಲು, ನಾವು ನೆನಪಿಸುವ ಮುನ್ನವೇ ಅತ್ತೆ ಚೀಲ ಹಿಡಿದು ಹೊರಟು ನಿಂತಿದ್ದರು.